ಕುಂಬ್ಳೆ ಸ್ಟೇಷನ್‌ಗೆ ಸೈಕಲ್, ತೋಟಕ್ಕೆ ಫೋನ್ ಪಂಪ್: 35 ಸಾವಿರದಲ್ಲಿ ಯಾವುದು ಮೊದಲು?

ಕಂಗಿನಬುಡ · ಜನವರಿ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ಮನೆ ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಿಂದ ಒಳಗೆ. ಕುಂಬ್ಳೆ ರೈಲ್ವೆ ಸ್ಟೇಷನ್‌ಗೆ ಹತ್ತು ಕಿಲೋಮೀಟರ್. ಕೆಲಸ ಮಂಗ್ಳೂರಿನಲ್ಲಿ. ಬೆಳಗ್ಗಿನ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಯಲ್ಲಿ ಬರುವುದು. ಈಗ ಸ್ಟೇಷನ್‌ವರೆಗೆ ಬೈಕು. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಗಡಿಯಲ್ಲಿ ಉಂಟಂತೆ. ಡಾಕ್ಟ್ರು ದಿನಾ ಒಂದು ಗಂಟೆ ಮೈ ಬಗ್ಗಿಸಿ ಎಂದರು. ಹಾಗಾಗಿ ಸ್ಟೇಷನ್‌ಗೆ ಸೈಕಲ್‌ನಲ್ಲಿ ಹೋಗುವ ಯೋಚನೆ.

ಕಷ್ಟ ಎಂತ ಅಂದರೆ ಸಮಯ. ಬೆಳಿಗ್ಗೆ 5 ಗಂಟೆಗೆ ಎದ್ದು ಅಡಿಕೆ ತೋಟಕ್ಕೆ ಇಳಿದು ಪಂಪು ಹಾಕಬೇಕು. ಪಂಪ್‌ಶೆಡ್ ಮನೆಯಿಂದ ಕೆಳಗೆ, ಹೋಗಿ ಬರಲು ಹತ್ತು ನಿಮಿಷ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಇಳಿದು, ಒಂದು ಲೈನಿನ ನೀರು ನಿಲ್ಲಿಸಿ ಇನ್ನೊಂದಕ್ಕೆ ಬಿಡಲು ಗೇಟ್ ವಾಲ್ ತಿರುಗಿಸಬೇಕು. ಮತ್ತೆ ಇಳಿದು ಆಫ್ ಮಾಡಬೇಕು. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಇದೆಲ್ಲ ಮುಗಿಸಿ ಬೈಕಿನಲ್ಲಿ ಹಾರಿದರೆ ಗಾಡಿ ಸಿಗುತ್ತದೆ. ಸೈಕಲ್ ಆದರೆ ಖಂಡಿತ ಸಿಗುವುದಿಲ್ಲ.

ಕೈಯಲ್ಲಿ 35 ಸಾವಿರ ಉಂಟು. ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಳ್ಳಲಾ? ಅಥವಾ ಮೊದಲು ಮನೆಗೆ, ಪಂಪಿಗೆ ಫೋನ್‌ನಲ್ಲಿ ಆನ್ ಆಫ್ ಆಗುವ ಸಾಮಾನು ಹಾಕಿಸಲಾ? ಪಂಪು 3 ಎಚ್‌ಪಿ, ತ್ರೀ ಫೇಸ್. ಮನೆಯ ಟ್ಯಾಂಕಿಗೆ ಬಾವಿಯಿಂದ ಬೇರೆ ಒಂದು ಸಿಂಗಲ್ ಫೇಸ್ 1 ಎಚ್‌ಪಿ. ಅನುಭವ ಇದ್ದವರು ಹೇಳಿ.

ಉಪ್ಪಳ ಲೋಕಲ್ · ಜನವರಿ 11, ರಾತ್ರಿ 9.52

ಮಂಗ್ಳೂರಿನಲ್ಲಿ ರೂಮು ಮಾಡಿ. ಎರಡೂ ಸಮಸ್ಯೆ ಮುಗಿಯಿತು.

ಕಂಗಿನಬುಡ · ಜನವರಿ 11, ರಾತ್ರಿ 9.55

ತೋಟವನ್ನೂ ರೂಮಿಗೆ ತೆಗೆದುಕೊಂಡು ಹೋಗಲಾ ಮಾರಾಯ್ರೆ?

ಗುಡ್ಡೆ ಸವಾರ · ಜನವರಿ 11, ರಾತ್ರಿ 10.20

ಎಲೆಕ್ಟ್ರಿಕ್ ಬೇಡ. ನಿಮಗೆ ಬೇಕಾದ್ದು ವ್ಯಾಯಾಮ. ಗೇರ್ ಸೈಕಲ್ ತೆಗೆದುಕೊಳ್ಳಿ.

ನಮ್ಮ ಕಡೆ ರಸ್ತೆ ಯಾವುದೂ ಸಪಾಟಾಗಿಲ್ಲ. ಒಂದು ಇಳಿಕೆ, ಒಂದು ಚಡವು (ಏರು ದಾರಿ), ನಡುವೆ ಒಂದು ಮೋರಿ. ಗೇರ್ ಇಲ್ಲದ ಸೈಕಲ್‌ನಲ್ಲಿ ಒಂದು ಸುತ್ತು ತುಳಿದರೆ ಸುಮಾರು ಐದು ಮೀಟರ್ ಮುಂದೆ ಹೋಗುತ್ತದೆ. ಚಡವಿನಲ್ಲಿ ಆ ಐದು ಮೀಟರನ್ನು ಕಾಲೇ ಎಳೆಯಬೇಕು. ಮುಂದೆ 28 ಹಲ್ಲು, ಹಿಂದೆ 34 ಹಲ್ಲು ಇರುವ ಗೇರ್ ಹಾಕಿದರೆ ಒಂದು ಸುತ್ತಿಗೆ ಎರಡು ಮೀಟರೂ ಇಲ್ಲ. ನಿಧಾನ ಹೋಗುತ್ತದೆ, ಆದರೆ ಇಳಿದು ನೂಕಬೇಕಾಗಿಲ್ಲ. ಅಂಗಡಿಯಲ್ಲಿ "21 ಗೇರ್" ಅಂದಾಗ ಮರುಳಾಗಬೇಡಿ. ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ಎಣಿಸಿ. 28 ಇದ್ದರೆ ಸಾಲದು, 32 ಅಥವಾ 34 ಬೇಕು.

ಟೈರು ಬಹಳ ಸಪುರ ಬೇಡ, ಗುಡ್ಡ ಹತ್ತುವ ಎಂಟಿಬಿ ಸೈಕಲಿನಷ್ಟು ದಪ್ಪವೂ ಬೇಡ. 38 ಮಿಲಿಮೀಟರ್ ಆಸುಪಾಸು ಹಾಕಿ. ದಪ್ಪ ಗುಂಡಿ ಟೈರು ಡಾಮರಿನಲ್ಲಿ ಸುಮ್ನೆ ಎಳೆಯುತ್ತದೆ.

ಹತ್ತು ಕಿಲೋಮೀಟರ್ ಮೊದಲ ವಾರ ಐವತ್ತು ನಿಮಿಷ ಹಿಡಿಯುತ್ತದೆ. ಎರಡು ತಿಂಗಳಲ್ಲಿ ಮೂವತ್ತೈದಕ್ಕೆ ಬರುತ್ತದೆ.

ಬೆಂಗ್ಳೂರಲ್ಲಿ ಬಾಡಿಗೆ · ಜನವರಿ 11, ರಾತ್ರಿ 10.41

ಅಣ್ಣ, ಆಟೋಮೇಷನ್ ಅಂದರೆ ನನ್ನ ವಿಷಯ. ಮನೆಗೆ ಒಂದು ಚಿಕ್ಕ ಕಂಪ್ಯೂಟರ್ ಇಟ್ಟು ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ಹಾಕಿ. ಸ್ವಿಚ್‌ಗಳಿಗೆಲ್ಲ ವೈಫೈಯ ಇಎಸ್‌ಪಿ ಚಿಪ್ ಇರುವ ರಿಲೇ, ಅಂದರೆ ಫೋನ್ ಹೇಳಿದಂತೆ ಆನ್ ಆಫ್ ಆಗುವ ಸಣ್ಣ ಸ್ವಿಚ್. ಟ್ಯಾಂಕಿಗೆ ಸೆನ್ಸರ್. ಬಾವಿ ನೀರಿನ ಮಟ್ಟ, ತೋಟದ ಮಣ್ಣಿನ ತೇವ, ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತದೆ. ಮಳೆ ಬಂದರೆ ಪಂಪು ತಾನೇ ಆಫ್. ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ. ಬೇಕಾದರೆ ನಾನು ಇಲ್ಲಿಂದಲೇ ಸೆಟ್ ಮಾಡಿ ಕೊಡುತ್ತೇನೆ.

ತ್ರೀ ಫೇಸ್ · ಜನವರಿ 12, ಬೆಳಿಗ್ಗೆ 6.15

ಬೆಂಗ್ಳೂರಿನ ತಮ್ಮ, ನಿಮ್ಮದೆಲ್ಲ ಚಂದ ಉಂಟು. ಒಂದು ಏಪ್ರಿಲ್ ತಿಂಗಳ ಸಿಡಿಲು ಸಾಕು, ಆ ಪರದೆ ಕಪ್ಪಾಗಲು.

ನಾನು ಬದಿಯಡ್ಕ ಕಡೆ ವಯರಿಂಗ್ ಮಾಡುವವ. ಇಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೇನೆ.

3 ಎಚ್‌ಪಿ ಮೋಟರಿಗೆ ವೈಫೈ ಸ್ವಿಚ್ ಹಾಕುವ ಯೋಚನೆಯೇ ಮಾಡಬೇಡಿ. ಓಡುವಾಗ ಫೇಸಿಗೆ ಐದು ಆಂಪಿಯರ್ ಸುಮಾರು ಎಳೆಯುವ ಮೋಟರು ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ತೋಟದ ಪಂಪಿಗೆ ಬೇಕಾದ್ದು ಮೊಬೈಲ್ ಸ್ಟಾರ್ಟರ್. ಈಗಿನ ಸ್ಟಾರ್ಟರ್ ಹಾಗೇ ಇರುತ್ತದೆ, ಪಕ್ಕದಲ್ಲಿ ಸಿಮ್ ಹಾಕುವ ಒಂದು ಪೆಟ್ಟಿಗೆ ಬರುತ್ತದೆ. ಮಿಸ್ಡ್ ಕಾಲ್ ಕೊಟ್ಟರೆ ಸ್ಟಾರ್ಟ್. ಮೂರು ಫೇಸ್‌ನಲ್ಲಿ ಒಂದು ಹೋದರೆ ತಾನೇ ಟ್ರಿಪ್. ನೀರು ಖಾಲಿ ಆದರೂ ಟ್ರಿಪ್. ನೀರು ಇಲ್ಲದಾಗ ಮೋಟರಿನ ಕೆಲಸ ಹಗುರ, ಕರೆಂಟ್ ಎಳೆಯುವುದು ಕಡಿಮೆ ಆಗುತ್ತದೆ. ಅದನ್ನು ನೋಡಿಯೇ ಪೆಟ್ಟಿಗೆಗೆ ಗೊತ್ತಾಗುವುದು. ಟೈಮರ್ ಕೂಡ ಇರುತ್ತದೆ, ಒಂದು ಗಂಟೆ ಅಂತ ಇಟ್ಟರೆ ಒಂದು ಗಂಟೆಗೆ ಬಂದ್.

ಮನೆಯ 1 ಎಚ್‌ಪಿಗೂ ನೇರ ಸ್ಮಾರ್ಟ್ ಪ್ಲಗ್ ಬೇಡ. ನಡುವೆ ಕಾಂಟ್ಯಾಕ್ಟರ್, ಅಂದರೆ ಮೋಟರಿನ ಭಾರೀ ಕರೆಂಟಿಗೆಂದೇ ಇರುವ ಸ್ವಿಚ್ ಬೇಕು.

ಸಿಮ್ ಎರಡು · ಜನವರಿ 12, ಬೆಳಿಗ್ಗೆ 7.03

ನಮ್ಮಲ್ಲಿ 1 ಎಚ್‌ಪಿಗೆ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಹಾಕಿ ಒಂದು ವರ್ಷ ಆಯಿತು. ಏನೂ ಆಗಿಲ್ಲ. ಎಲೆಕ್ಟ್ರಿಷಿಯನ್‌ಗಳು ಹೆದರಿಸುವುದು ಜಾಸ್ತಿ.

ಪೆರ್ಲದ ಅಕ್ಕ · ಜನವರಿ 12, ಬೆಳಿಗ್ಗೆ 7.30

ನಮ್ಮಲ್ಲಿ ಆಯಿತು. ಏಳು ತಿಂಗಳು ಸರಿ ಇತ್ತು. ಒಂದು ದಿನ ಮದುವೆಗೆ ಹೋದವರು ರಾತ್ರಿ ಬಂದು ನೋಡಿದರೆ ಟ್ಯಾಂಕಿನಿಂದ ನೀರು ಹರಿದು ಅಂಗಳ ಎಲ್ಲ ಕೆರೆ. ಫೋನಿನಲ್ಲಿ "ಆಫ್" ಅಂತಲೇ ತೋರಿಸುತ್ತಿತ್ತು. ಪ್ಲಗ್ಗಿನ ಒಳಗೆ ರಿಲೇ ಅಂಟಿಕೊಂಡಿತ್ತಂತೆ. ಬಾವಿ ನೀರು ತಳ ಕಂಡಿತ್ತು. ಪುಣ್ಯಕ್ಕೆ ಮೋಟರು ಸುಡಲಿಲ್ಲ.

ತ್ರೀ ಫೇಸ್ · ಜನವರಿ 12, ಬೆಳಿಗ್ಗೆ 7.41

ಅದನ್ನೇ ಹೇಳಿದ್ದು. ಪ್ಲಗ್ಗಿನ ಮೇಲೆ ಬರೆದ 16 ಆಂಪಿಯರ್ ಗೀಸರಿನಂಥ ಬಿಸಿ ಮಾಡುವ ಸಾಮಾನಿನ ಲೆಕ್ಕ. ಮೋಟರಿನ ಲೆಕ್ಕ ಬೇರೆ. ಸ್ಟಾರ್ಟ್ ಆಗುವಾಗ ಪ್ರತಿ ಸಲ ಸಣ್ಣ ಕಿಡಿ ಹಾರಿ ಹಾರಿ ಒಂದು ದಿನ ಬೆಸುಗೆ ಹಾಕಿದ ಹಾಗೆ ಅಂಟುತ್ತದೆ. ಕಾಂಟ್ಯಾಕ್ಟರ್ ಆ ಕಿಡಿಗೆಂದೇ ಮಾಡಿದ್ದು. ಸ್ಮಾರ್ಟ್ ಸ್ವಿಚ್ ಕಾಂಟ್ಯಾಕ್ಟರಿನ ಕಾಯಿಲ್‌ಗೆ (ಅದನ್ನು ಎಳೆಯುವ ಸುರುಳಿಗೆ) ಮಾತ್ರ ಕರೆಂಟ್ ಕೊಡಬೇಕು, ಮೋಟರಿಗೆ ಅಲ್ಲ.

ಸಿಮ್ ಎರಡು · ಜನವರಿ 12, ಬೆಳಿಗ್ಗೆ 7.44

ಸರಿ ಸರಿ. ಇವತ್ತೇ ತೆಗೆಯುತ್ತೇನೆ.

ಬೆಂಗ್ಳೂರಲ್ಲಿ ಬಾಡಿಗೆ · ಜನವರಿ 12, ಬೆಳಿಗ್ಗೆ 9.10

ಸಿಡಿಲಿನ ಮಾತು ಒಪ್ಪುತ್ತೇನೆ. ಆದರೆ ಅದಕ್ಕೂ ದಾರಿ ಉಂಟಲ್ಲ, ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್?

ತ್ರೀ ಫೇಸ್ · ಜನವರಿ 12, ಮಧ್ಯಾಹ್ನ 1.20

ಉಂಟು. ಟೈಪ್ 2 ಎಸ್‌ಪಿಡಿ ಅಂತ ಸಿಗುತ್ತದೆ. ಆದರೆ ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಇದ್ದ ಹಾಗೆ. ಹೆಚ್ಚಿನ ಕರೆಂಟನ್ನು ಭೂಮಿಗೆ ಬಿಡುವುದು ಅದರ ಕೆಲಸ. ಭೂಮಿ ತೆಗೆದುಕೊಳ್ಳಬೇಕಲ್ಲ! ನಮ್ಮ ಮುರಕಲ್ಲಿನ ಗುಡ್ಡೆ ಮನೆಗಳಲ್ಲಿ ಮಾರ್ಚ್ ಬರುವಾಗ ಅರ್ತ್ ಗುಂಡಿ ಒಣಗಿ ಕಲ್ಲಾಗಿರುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಗುಂಡಿಯ ಮೇಲೆ ಸಿಮೆಂಟ್ ಹಾಕಿ ಟೈಲ್ಸ್ ಕೂರಿಸಿದ ಮನೆಯನ್ನೂ ನೋಡಿದ್ದೇನೆ. ಅಂಗಳ ಚಂದ ಕಾಣಲು ಅಂತೆ.

ಇಷ್ಟೆಲ್ಲ ಮಾಡಿದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದೇ ಒಳ್ಳೆಯದು. ಹತ್ತಿರ ಬಿದ್ದ ಸಿಡಿಲಿಗೆ ಯಾವ ಪೆಟ್ಟಿಗೆಯೂ ಗ್ಯಾರಂಟಿ ಅಲ್ಲ.

ನಿವೃತ್ತ ಮಾಸ್ತರ್ · ಜನವರಿ 12, ಮಧ್ಯಾಹ್ನ 3.05

ಒಂದು ಮೂಲ ಪ್ರಶ್ನೆ. ಕಂಗಿನಬುಡ ಅವರೇ, ನೀವು ಗೇಟ್ ವಾಲ್ ಬದಲಿಸಲು ಇಳಿಯುತ್ತೀರಿ ಎಂದಿರಿ. ಮೊಬೈಲ್ ಸ್ಟಾರ್ಟರ್ ಪಂಪು ಹಾಕುತ್ತದೆ. ವಾಲ್ ತಿರುಗಿಸುವುದು ಯಾರು?

ಕಂಗಿನಬುಡ · ಜನವರಿ 12, ರಾತ್ರಿ 8.30

ಮಾಷ್ಟ್ರೇ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಉಪ್ಪಳ ಲೋಕಲ್ · ಜನವರಿ 12, ರಾತ್ರಿ 8.33

😂😂 35 ಸಾವಿರ ಉಳಿಯಿತು

ಬೆಂಗ್ಳೂರಲ್ಲಿ ಬಾಡಿಗೆ · ಜನವರಿ 12, ರಾತ್ರಿ 8.50

ಕರೆಂಟಿನಲ್ಲಿ ತಾನೇ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ ಹಾಕಬಹುದು. 24 ವೋಲ್ಟಿನದ್ದು. ಪ್ರತಿ ಲೈನಿಗೆ ಒಂದು.

ತೋಟದ ಹೊಂಡ · ಜನವರಿ 12, ರಾತ್ರಿ 9.15

ಹಾಕಿದ್ದೆ. ಕೆರೆ ನೀರಿನ ಕಸ, ಪಾಚಿ ಸಿಕ್ಕಿಕೊಂಡು ಒಂದು ಮುಚ್ಚಲಿಲ್ಲ, ಒಂದು ತೆರೆಯಲಿಲ್ಲ. ಒಳ್ಳೆಯ ಫಿಲ್ಟರ್ ಇಲ್ಲದೆ ಅದು ಆಗುವ ಕೆಲಸ ಅಲ್ಲ. ವಯರನ್ನು ಹೆಗ್ಗಣ ಕಚ್ಚಿತು. ಈಗ ಅವೆಲ್ಲ ಅಟ್ಟದಲ್ಲಿ ಇವೆ. ಬೇಕಾದವರಿಗೆ ಕೊಡುತ್ತೇನೆ.

ಪೆರ್ಲದ ಅಕ್ಕ · ಜನವರಿ 12, ರಾತ್ರಿ 9.48

ತಮ್ಮಾ, ಎಷ್ಟು ವಾಲ್ ಉಂಟು? ದಿನಾ ಎಷ್ಟಕ್ಕೆ ನೀರು ಬಿಡುತ್ತೀರಿ?

ಕಂಗಿನಬುಡ · ಜನವರಿ 12, ರಾತ್ರಿ 10.02

ನಾಲ್ಕು ವಾಲ್, ಎಲ್ಲದಕ್ಕೂ ಜೆಟ್, ಅಂದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್. ಒಂದು ದಿನ ಮೇಲಿನ ಎರಡು, ಮರುದಿನ ಕೆಳಗಿನ ಎರಡು. ಹೀಗೆ ದಿನ ಬಿಟ್ಟು ದಿನ ಎಲ್ಲ ಮರಕ್ಕೂ ನೀರು ಬೀಳುತ್ತದೆ. ಅಪ್ಪ ಇದ್ದಾಗಿನಿಂದ ಹಾಗೆಯೇ.

ನಿವೃತ್ತ ಮಾಸ್ತರ್ · ಜನವರಿ 13, ಬೆಳಿಗ್ಗೆ 5.50

ಹಾಗಾದರೆ ನೀರು ಬಿಡುವುದು ಪದೇ ಪದೇ ಆಗುತ್ತಿದೆ ಮಾರಾಯ. ಕೂಡ್ಲಿನಲ್ಲಿ ನಮ್ಮದೇ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಉಂಟು. ಅವರ ಲೆಕ್ಕದಲ್ಲಿ ಅಡಿಕೆಗೆ ನವೆಂಬರ್, ಡಿಸೆಂಬರ್‌ನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ನೀರು ಸಾಕು. ಆದರೆ ಬಿಡುವಾಗ ಬುಡ ತುಂಬ ಬಿಡಬೇಕು, ಮರಕ್ಕೆ 175 ಲೀಟರಿನಂತೆ. ದಿನ ಬಿಟ್ಟು ದಿನ ಮುಕ್ಕಾಲು ಗಂಟೆ ಹನಿಸಿದರೆ ಮೇಲಿನ ಮಣ್ಣು ಮಾತ್ರ ಒದ್ದೆ.

ನಾಲ್ಕು ವಾಲಿಗೆ ನಾಲ್ಕು ದಿನ ಮಾಡು. ದಿನಕ್ಕೆ ಒಂದೇ ವಾಲ್, ಒಂದೂವರೆ ಗಂಟೆ. ಸಂಜೆ ಬಂದು ಮರುದಿನದ ವಾಲ್ ತಿರುಗಿಸಿ ಇಟ್ಟುಬಿಡು. ಬೆಳಿಗ್ಗೆ ತೋಟಕ್ಕೆ ಇಳಿಯುವ ಕೆಲಸವೇ ಇಲ್ಲ. ಪಂಪನ್ನು ಪೆಟ್ಟಿಗೆ ನೋಡಿಕೊಳ್ಳಲಿ.

ಪೆರ್ಲದ ಅಕ್ಕ · ಜನವರಿ 13, ಬೆಳಿಗ್ಗೆ 6.20

ನಾನು ಹೇಳಬೇಕೆಂದಿದ್ದನ್ನು ಮಾಷ್ಟ್ರು ಹೇಳಿದರು. ನಿಮಗೆ ಗಾಡಿ ತಪ್ಪುವುದು ಚಡವಿನಿಂದ ಅಲ್ಲ, ಗೇಟ್ ವಾಲಿನಿಂದ. ಇಪ್ಪತ್ತು ನಿಮಿಷ ಉಳಿಸಲಿಕ್ಕೆ ಎಲೆಕ್ಟ್ರಿಕ್ ಸೈಕಲ್ ಹುಡುಕುತ್ತಿದ್ದೀರಿ, ಆದರೆ ತೋಟದಲ್ಲಿ ದಿನಾ ಅರ್ಧ ಗಂಟೆ ಹತ್ತಿ ಇಳಿದೇ ಹೋಗುತ್ತದೆ.

ಗುಡ್ಡೆ ಸವಾರ · ಜನವರಿ 13, ಬೆಳಿಗ್ಗೆ 6.31

ಆ ಹತ್ತಿ ಇಳಿಯುವುದೇ ವ್ಯಾಯಾಮ ಅಲ್ವಾ? ಸಕ್ಕರೆಗೆ ಅದು ಸಾಲಲಿಲ್ಲವಾ?

ಕಂಗಿನಬುಡ · ಜನವರಿ 13, ಬೆಳಿಗ್ಗೆ 8.05 (ಗಾಡಿಯಿಂದ)

ಹತ್ತಿ ಬಂದು ಎರಡು ಲೋಟ ಸಕ್ಕರೆ ಹಾಕಿದ ಚಾ ಕುಡಿಯುತ್ತೇನೆ. ಅದು ಬೇರೆ ವಿಷಯ.

ಮಾಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರ.

ಸುರಂಗದ ನೀರು · ಜನವರಿ 13, ಬೆಳಿಗ್ಗೆ 10.40

ನೀವೆಲ್ಲ ಕರೆಂಟು, ಸಿಮ್ಮು ಅಂತ ಒದ್ದಾಡುತ್ತಿದ್ದೀರಿ. ಬಾಯಾರು ಕಡೆ ನಮ್ಮ ಮನೆಗೆ ಇವತ್ತಿಗೂ ಸುರಂಗದ ನೀರು. ಗುಡ್ಡೆಗೆ ಅಡ್ಡಕ್ಕೆ ಕೊರೆದದ್ದು, ಅಜ್ಜನ ಕಾಲದ್ದು. ನೀರು ತಾನೇ ಇಳಿದು ಬಂದು ಟಾಂಕಿಗೆ ಬೀಳುತ್ತದೆ. ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. ಇದಕ್ಕಿಂತ ದೊಡ್ಡ ಆಟೋಮೇಷನ್ ಯಾವುದು?

ನಿವೃತ್ತ ಮಾಸ್ತರ್ · ಜನವರಿ 13, ಬೆಳಿಗ್ಗೆ 11.15

ಸುರಂಗ ಅಂದಾಗ ಕೇಪುವಿನ ಅಮೈ ಮಹಾಲಿಂಗ ನಾಯ್ಕರ ನೆನಪಾಯಿತು. ಗಡಿಯ ಆಚೆ ಕರ್ನಾಟಕದಲ್ಲಿ, ಅಡ್ಯನಡ್ಕದ ಹತ್ತಿರ. ಒಬ್ಬರೇ ಗುಡ್ಡೆ ಕೊರೆದು ನೀರು ತಂದು ಬೋಳು ಜಾಗದಲ್ಲಿ ತೋಟ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ಮೊದಲ ಕೆಲವು ಸುರಂಗಗಳಲ್ಲಿ ನೀರೇ ಸಿಗಲಿಲ್ಲ, ಆದರೂ ಬಿಡಲಿಲ್ಲ.

ಉಪ್ಪಳ ಲೋಕಲ್ · ಜನವರಿ 13, ಬೆಳಿಗ್ಗೆ 11.20

ನಾವು ವೈಫೈ ಒಂದು ಸಲ ಕನೆಕ್ಟ್ ಆಗದಿದ್ದರೆ ಬಿಟ್ಟುಬಿಡುತ್ತೇವೆ

ತೋಟದ ಹೊಂಡ · ಜನವರಿ 13, ಮಧ್ಯಾಹ್ನ 2.00

ಎಲ್ಲರಿಗೂ ಸುರಂಗ ಆಗುವುದಿಲ್ಲ. ಸುತ್ತಮುತ್ತ ಬೋರ್‌ವೆಲ್ ಹೊಡೆದ ಮೇಲೆ ನಮ್ಮ ಸುರಂಗ ಫೆಬ್ರವರಿಗೇ ಬತ್ತುತ್ತದೆ. ವಿಷಯಕ್ಕೆ ಬನ್ನಿ.

ಮೊಬೈಲ್ ಸ್ಟಾರ್ಟರ್ ತೆಗೆದುಕೊಳ್ಳುವವರು ಸಿಮ್ ನೋಡಿ. ಹಳೆಯ ಮಾದರಿಗಳು 2ಜಿಯಲ್ಲಿ ಕೆಲಸ ಮಾಡುವಂಥವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಅದು ಸುಮ್ನೆ ಕೂತಿರುತ್ತದೆ. 4ಜಿ ಮಾದರಿ ಕೇಳಿ ತೆಗೆದುಕೊಳ್ಳಿ. ಎರಡನೆಯದು, ಪಂಪ್‌ಶೆಡ್ ಇರುವುದು ಹೊಂಡದಲ್ಲಿ, ಸಿಗ್ನಲ್ ಇರುವುದು ಗುಡ್ಡೆಯಲ್ಲಿ. ಮೊದಲು ಯಾವ ಸಿಮ್‌ಗೆ ಅಲ್ಲಿ ಕಡ್ಡಿ ಬರುತ್ತದೆ ಅಂತ ಫೋನ್ ಹಿಡಿದುಕೊಂಡು ಹೋಗಿ ನೋಡಿ. ನಾನು ಕೊನೆಗೆ ಉದ್ದ ವಯರಿನ ಆಂಟೆನಾ ತಂದು ಕಂಗಿಗೆ, ಅಂದರೆ ಅಡಿಕೆ ಮರಕ್ಕೆ ಕಟ್ಟಿದೆ. ಅಡಿಕೆ ಕೊಯ್ಯಲು ಬಂದವನು ಗೊನೆಯ ಜೊತೆ ಅದನ್ನೂ ಕೆಳಗೆ ಹಾಕಿದ.

ಮೂರನೆಯದು ಮುಖ್ಯ. ನಿಮ್ಮ ನಂಬರುಗಳನ್ನು ಪೆಟ್ಟಿಗೆಯಲ್ಲಿ ರಿಜಿಸ್ಟರ್ ಮಾಡಿ, ಬೇರೆ ಕಾಲ್ ತೆಗೆದುಕೊಳ್ಳಬಾರದು ಅಂತ ಸೆಟ್ ಮಾಡಿ. ನಾನು ಮಾಡಿರಲಿಲ್ಲ. ಸಾಲ ಬೇಕಾ ಅಂತ ಯಾರೋ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಮಾಡಿದರು. ಪಂಪು ಸ್ಟಾರ್ಟ್ ಆಯಿತು.

ಪೆರ್ಲದ ಅಕ್ಕ · ಜನವರಿ 13, ಮಧ್ಯಾಹ್ನ 2.12

ಸಾಲ ಕೊಡುವವರು ನೀರೂ ಕೊಟ್ಟರು! 😄

ಗುಡ್ಡೆ ಸವಾರ · ಜನವರಿ 13, ರಾತ್ರಿ 9.00

ಸೈಕಲ್ ಕಡೆ ಬರೋಣ. ಅಕ್ಕ, ನೀವು ಎಲೆಕ್ಟ್ರಿಕ್ ಸೈಕಲ್ ಓಡಿಸುತ್ತೀರಿ ಅಲ್ವಾ? ಅದು ಸೈಕಲ್ಲೇ ಅಲ್ಲ, ಕಳ್ಳ ಸ್ಕೂಟರ್.

ಪೆರ್ಲದ ಅಕ್ಕ · ಜನವರಿ 13, ರಾತ್ರಿ 9.35

ನನಗೆ 51 ವರ್ಷ. ಶಾಲೆಗೆ ಆರು ಕಿಲೋಮೀಟರ್, ನಡುವೆ ಎರಡು ಚಡವು. ಸೀರೆ ಉಟ್ಟು, ಬೆವರದೆ ಕ್ಲಾಸಿಗೆ ಹೋಗಬೇಕು. ನೀವು ಬಂದು ನನ್ನ ಬದಲು ತುಳಿಯುತ್ತೀರಾ?

ಲೆಕ್ಕವನ್ನೇ ಹೇಳುತ್ತೇನೆ. ಸವಾರ, ಸೈಕಲ್ ಸೇರಿ 85 ಕೆಜಿ ಅಂತ ಇಡಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಚಡವಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 185 ವ್ಯಾಟ್ ಬೇಕು. ಅಭ್ಯಾಸ ಇಲ್ಲದವರ ಕಾಲು ಅಷ್ಟನ್ನು ಹೆಚ್ಚು ಹೊತ್ತು ಕೊಡುವುದಿಲ್ಲ. 250 ವ್ಯಾಟಿನ ಒಳಗಿನ ಮೋಟರು ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತುಕೊಂಡರೆ ಉಳಿದದ್ದು ನನ್ನ ಕಾಲಿಗೆ. ಸಪಾಟಿನಲ್ಲಿ ನಾನು ಮೋಟರು ಹಾಕುವುದೇ ಇಲ್ಲ.

ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ಅಂದರೆ 360 ವ್ಯಾಟ್ ಅವರ್. ಖಾಲಿಯಿಂದ ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕೂಡ ಹಿಡಿಯುವುದಿಲ್ಲ. ನಮ್ಮ ಗುಡ್ಡೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಆರಾಮ.

ಗುಡ್ಡೆ ಸವಾರ · ಜನವರಿ 13, ರಾತ್ರಿ 9.41

ಕ್ಷಮಿಸಿ ಅಕ್ಕ. ಕಳ್ಳ ಸ್ಕೂಟರ್ ಮಾತು ವಾಪಸು.

ಸಿಮ್ ಎರಡು · ಜನವರಿ 13, ರಾತ್ರಿ 10.10

ಹಳೆಯ ಸೈಕಲ್‌ಗೆ 750 ವ್ಯಾಟ್ ಕಿಟ್ ಹಾಕಿಸಿದರೆ 45ರಲ್ಲಿ ಹೋಗುತ್ತದೆ. ಲೈಸೆನ್ಸೂ ಬೇಡ, ಸೈಕಲ್ ಅಲ್ವಾ.

ಪೆರ್ಲದ ಅಕ್ಕ · ಜನವರಿ 13, ರಾತ್ರಿ 10.16

ತಪ್ಪು. ಮೋಟರು 250 ವ್ಯಾಟಿಗಿಂತ ಕಡಿಮೆ, ವೇಗ 25ರ ಒಳಗೆ ಇದ್ದರೆ ಮಾತ್ರ ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡದ್ದು. ಅದಕ್ಕಿಂತ ಮೇಲೆ ಹೋದರೆ ಅದು ಮೋಟರು ವಾಹನವೇ. ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್ ಕೂಡ ಇರುವುದಿಲ್ಲ.

ಗುಡ್ಡೆ ಸವಾರ · ಜನವರಿ 13, ರಾತ್ರಿ 10.22

ಸೈಕಲಿನ ಬ್ರೇಕು, ಕಡ್ಡಿ ಆ ವೇಗಕ್ಕೆ ಮಾಡಿದ್ದೂ ಅಲ್ಲ. ಇಳಿಕೆಯಲ್ಲಿ 45 ಅಂದರೆ ನೇರ ಮೋರಿಗೆ.

ತ್ರೀ ಫೇಸ್ · ಜನವರಿ 14, ಬೆಳಿಗ್ಗೆ 6.05

ಹಾಗೆಯೇ ಒಂದು ಮಾತು. ಚಾರ್ಜರನ್ನು ಪಂಪ್‌ಶೆಡ್ಡಿನ ಪ್ಲಗ್ಗಿಗೆ ಹಾಕಬೇಡಿ. ಕೃಷಿ ಕನೆಕ್ಷನ್ ಕೃಷಿಗೆ ಮಾತ್ರ. ತಪಾಸಣೆಗೆ ಬಂದಾಗ ನಾಲ್ಕು ರೂಪಾಯಿ ಉಳಿಸಿದ್ದಕ್ಕೆ ದೊಡ್ಡ ದಂಡ ಕಟ್ಟಬೇಕಾದೀತು.

ಕಂಗಿನಬುಡ · ಜನವರಿ 14, ರಾತ್ರಿ 8.45

ಹಾಗಾದರೆ ತೀರ್ಮಾನ ಹೀಗೆ. ಮೊದಲು ಮೊಬೈಲ್ ಸ್ಟಾರ್ಟರ್, ಮತ್ತೆ ಸಾದಾ ಗೇರ್ ಸೈಕಲ್. ಎರಡು ಸಂಶಯ ಉಳಿಯಿತು. ಸೈಕಲನ್ನು ಗಾಡಿಯಲ್ಲಿ ತೆಗೆದುಕೊಂಡು ಹೋಗಬಹುದಾ? ಮತ್ತೆ, ಮಳೆಗಾಲದಲ್ಲಿ ಏನು ಮಾಡುತ್ತೀರಿ?

ಉಪ್ಪಳ ಲೋಕಲ್ · ಜನವರಿ 14, ರಾತ್ರಿ 8.58

ಬೆಳಗ್ಗಿನ ಗಾಡಿಯಲ್ಲಿ ಮನುಷ್ಯ ಕಾಲಿಡಲು ಜಾಗ ಇಲ್ಲ. ಸೈಕಲ್ ಆದರೆ ಲಗೇಜ್ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ದಿನಾ ಅದು ಆಗುವ ಮಾತಾ? ಸ್ಟೇಷನ್ನಿನಲ್ಲಿ ನಿಲ್ಲಿಸಿ ಹೋಗಿ. ಚಕ್ರಕ್ಕೆ ಮಾತ್ರ ಬೀಗ ಹಾಕಬೇಡಿ, ಫ್ರೇಮನ್ನು ಕಂಬಕ್ಕೆ ಸೇರಿಸಿ ಹಾಕಿ. ನನ್ನ ಗೆಳೆಯ ಮುಂದಿನ ಚಕ್ರಕ್ಕೆ ಬೀಗ ಹಾಕಿದ್ದ. ಸಂಜೆ ಬಂದಾಗ ಮುಂದಿನ ಚಕ್ರ ಇತ್ತು.

ಗುಡ್ಡೆ ಸವಾರ · ಜನವರಿ 14, ರಾತ್ರಿ 9.30

ಮಳೆಗಾಲ ಅಂದರೆ ನಾಲ್ಕು ತಿಂಗಳು. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತೇ ಉಂಟು, ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ. ನಾನು ಜೂನ್, ಜುಲೈಯಲ್ಲೂ ಬಿಡುವುದಿಲ್ಲ. ಆದರೆ ಗಾಳಿ, ಗುಡುಗು ಇದ್ದ ದಿನ ಬಸ್ಸು. ಹಟ ಮಾಡಬಾರದು.

ಮಡ್‌ಗಾರ್ಡ್ ಪೂರ್ತಿ ಉದ್ದದ್ದು ಹಾಕಿ. ಈಗಿನ ಸೈಕಲ್‌ಗಳಿಗೆ ಅಂಗಡಿಯವರು ಒಂದು ಗೇಣಿನ ಪ್ಲಾಸ್ಟಿಕ್ ತುಂಡು ಕೊಡುತ್ತಾರೆ. ಅದರಲ್ಲಿ ಬೆನ್ನಿನ ಮೇಲೆ ಕೆಂಪು ಮಣ್ಣಿನ ನಾಮ ಗ್ಯಾರಂಟಿ. ರಿಮ್ಮಿಗೆ ರಬ್ಬರು ಒತ್ತುವ ಬ್ರೇಕ್ ಒದ್ದೆಯಾದರೆ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ. ನಮ್ಮ ಮುರ ಮಣ್ಣು ಮರಳು ಕಾಗದದ ಹಾಗೆ, ರಬ್ಬರನ್ನೂ ರಿಮ್ಮನ್ನೂ ತಿಂದು ಹಾಕುತ್ತದೆ. ಹಾಗಾಗಿ ಈ ಕಡೆಗೆ ಡಿಸ್ಕ್ ಒಳ್ಳೆಯದು. ಕೇಬಲ್ ಡಿಸ್ಕ್ ಸಾಕು, ಆಯಿಲಿನದ್ದು ಬೇಡ, ರಿಪೇರಿಗೆ ದೂರ ಹೋಗಬೇಕಾಗುತ್ತದೆ.

ಚೈನಿಗೆ ಅಡುಗೆ ಎಣ್ಣೆ, ತೆಂಗಿನೆಣ್ಣೆ ಹಾಕುವವರನ್ನು ನೋಡಿದ್ದೇನೆ. ಬೇಡ, ಅಂಟು ಕಟ್ಟುತ್ತದೆ. ಮಳೆಯಲ್ಲಿ ಬಂದ ಮೇಲೆ ಒಂದು ಮಗ್ಗು ನೀರು ಹಾಕಿ, ಹಳೆ ಬಟ್ಟೆಯಲ್ಲಿ ಒರೆಸಿ, ಚೈನ್ ಎಣ್ಣೆ ಒಂದೊಂದು ಗಂಟಿಗೆ ಒಂದು ಹನಿ. ಹೆಚ್ಚಾದದ್ದನ್ನು ಒರೆಸಿ. ಐದು ನಿಮಿಷದ ಕೆಲಸ. ಬಿಟ್ಟರೆ ಎರಡೇ ದಿನದಲ್ಲಿ ತುಕ್ಕು. ಕುಂಬ್ಳೆಯ ಕಡಲ ಗಾಳಿಗೆ ಇನ್ನೂ ಬೇಗ.

ತೋಟದ ಹೊಂಡ · ಜನವರಿ 14, ರಾತ್ರಿ 9.44

ಕೊಡೆ ಹಿಡಿದುಕೊಂಡು ಒಂದೇ ಕೈಯಲ್ಲಿ ಸೈಕಲ್ ಬಿಡುತ್ತಿದ್ದ ಕಾಲ ನಮ್ಮದು. ಹಿಂದೆ ಹಿಂಡಿಯ ಮೂಟೆ ಬೇರೆ.

ಪೆರ್ಲದ ಅಕ್ಕ · ಜನವರಿ 14, ರಾತ್ರಿ 9.58

ಹೆದ್ದಾರಿ ದಾಟುವಾಗ ಜಾಗ್ರತೆ. ಈಗ ಆರು ಪಥದ 66ರಲ್ಲಿ ನಮ್ಮಂಥವರಿಗೆ ಸರ್ವೀಸ್ ರಸ್ತೆಯೇ ಗತಿ. ಅದರಲ್ಲಿ ಎದುರಿನಿಂದಲೂ ವಾಹನ ಬರುತ್ತದೆ. ಚರಂಡಿಯ ಕಲ್ಲಿನ ಸಂದಿಗೆ ಸಪುರ ಟೈರು ಸಿಕ್ಕಿದರೆ ಬಿದ್ದ ಹಾಗೆಯೇ. ಬೆಳಿಗ್ಗೆ ಕತ್ತಲೆಗೆ ಹೊರಡುವುದಾದರೆ ಹಿಂದೆ ಕೆಂಪು ಲೈಟು ಹಾಕದೆ ಹೊರಡಬೇಡಿ. ಮತ್ತೆ ನಾಯಿಗಳು. ಓಡಿಸಿಕೊಂಡು ಬಂದರೆ ಜೋರು ತುಳಿಯಬೇಡಿ. ಇಳಿದು ನಿಂತು, ಸೈಕಲನ್ನು ನಡುವೆ ಹಿಡಿದು ನಡೆಯಿರಿ. ಹತ್ತರಲ್ಲಿ ಒಂಬತ್ತು ಸಲ ಅವುಗಳಿಗೆ ಬೇಸರ ಬಂದು ಹೋಗುತ್ತವೆ.

ಉಪ್ಪಳ ಲೋಕಲ್ · ಜನವರಿ 14, ರಾತ್ರಿ 10.00

ಹತ್ತನೆಯ ಸಲ?

ಪೆರ್ಲದ ಅಕ್ಕ · ಜನವರಿ 14, ರಾತ್ರಿ 10.01

ಆಸ್ಪತ್ರೆ. ಅದೇ ದಿನ, ತಡ ಮಾಡದೆ.

ಬೆಂಗ್ಳೂರಲ್ಲಿ ಬಾಡಿಗೆ · ಜನವರಿ 15, ಬೆಳಿಗ್ಗೆ 8.20

ಮನೆಯ ಲೈಟು, ಫ್ಯಾನಿಗಾದರೂ ಸ್ಮಾರ್ಟ್ ಸ್ವಿಚ್ ಹಾಕಿ ಅಣ್ಣ. ಅಮ್ಮನಿಗೆ ಅನುಕೂಲ ಆಗುತ್ತದೆ.

ಕಂಗಿನಬುಡ · ಜನವರಿ 15, ರಾತ್ರಿ 8.10

ಅಮ್ಮನನ್ನು ಕೇಳಿದೆ. "ಸ್ವಿಚ್ ಗೋಡೆಯಲ್ಲಿ ಉಂಟಲ್ಲ, ಎದ್ದು ಹಾಕುತ್ತೇನೆ" ಎಂದರು.

ತ್ರೀ ಫೇಸ್ · ಜನವರಿ 15, ರಾತ್ರಿ 8.32

ಅಮ್ಮ ಸರಿ. ಹಾಕುವವರು ಇದ್ದರೆ ಎರಡು ವಿಷಯ ನೋಡಿಕೊಳ್ಳಿ. ಒಂದು, ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ವಯರ್ ಬಂದಿದೆಯಾ. ಎರಡು, ಕರೆಂಟ್ ಹೋಗಿ ಬಂದಾಗ ಸ್ವಿಚ್ ಆಫ್ ಆಗಿರಬೇಕು ಅಂತ ಸೆಟ್ಟಿಂಗ್ ಮಾಡಿ. ಒಂದು ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಮನೆಯ ಹದಿನೆಂಟು ಲೈಟೂ ಒಟ್ಟಿಗೆ ಹತ್ತಿಕೊಂಡವು. ಕಳ್ಳರು ಅಂತ ನೆರೆಮನೆಯವರು ಓಡಿ ಬಂದರು.

ಮತ್ತೆ, ಒಂದೊಂದು ಸ್ವಿಚ್ಚೂ ಸುಮ್ನೆ ಕೂತಲ್ಲೇ ಒಂದು ವ್ಯಾಟ್ ಆಸುಪಾಸು ತಿನ್ನುತ್ತದೆ. ಇಪ್ಪತ್ತು ಸ್ವಿಚ್ ಇದ್ದರೆ ಎರಡು ತಿಂಗಳ ಬಿಲ್ಲಿಗೆ ಸುಮಾರು 29 ಯೂನಿಟ್ ಹೆಚ್ಚು.

ಬೆಂಗ್ಳೂರಲ್ಲಿ ಬಾಡಿಗೆ · ಜನವರಿ 15, ರಾತ್ರಿ 8.40

ಈ ಲೆಕ್ಕ ನಾನು ಯಾವತ್ತೂ ಮಾಡಿರಲಿಲ್ಲ. ನನ್ನ ರೂಮಿನಲ್ಲಿ ಇಪ್ಪತ್ತಾರು ಉಂಟು.

ಕಂಗಿನಬುಡ · ಏಪ್ರಿಲ್ 6, ರಾತ್ರಿ 9.15

ಹಳೆಯ ಚರ್ಚೆ ಮೇಲೆ ತರುತ್ತಿದ್ದೇನೆ. ಏನಾಯಿತು ಅಂತ ಹೇಳದಿದ್ದರೆ ಸರಿಯಲ್ಲ.

4ಜಿಯ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ, ಫಿಟ್ಟಿಂಗ್ ಸೇರಿ ಏಳು ಸಾವಿರ. ಎಸ್‌ಪಿಡಿ ಹಾಕಿ, ಅರ್ತ್ ಗುಂಡಿ ಹೊಸದು ಮಾಡಿಸಿದೆ, ಅದು ಐದು. ಸೈಕಲ್ ಸೆಕೆಂಡ್‌ಹ್ಯಾಂಡ್, ಹಿಂದೆ 34 ಹಲ್ಲು, ಕೇಬಲ್ ಡಿಸ್ಕ್, ಒಂಬತ್ತು ಸಾವಿರ. ಮಡ್‌ಗಾರ್ಡ್, ಲೈಟು, ಬೀಗ, ಹೆಲ್ಮೆಟ್‌ಗೆ ಇನ್ನೊಂದು ಮೂರು. ಉಳಿದದ್ದನ್ನು ಅಮ್ಮ ತೆಗೆದಿಟ್ಟಿದ್ದಾರೆ.

ನೀರು ಈಗ ದಿನಕ್ಕೆ ಒಂದು ವಾಲ್. ಸಂಜೆ ಬಂದು ತಿರುಗಿಸಿ ಇಡುತ್ತೇನೆ. ಎರಡು ಸಲ ಮರೆತು ಒಂದೇ ಕಡೆಗೆ ಎರಡು ದಿನ ಬಿದ್ದಿತು. ಈಗ ಶೆಡ್ಡಿನ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಬೆಳಿಗ್ಗೆ ಪಂಪು ಹಾಕುವುದು ಅಮ್ಮ. ಫೋನಿನಲ್ಲಿ "ತೋಟ" ಅಂತ ನಂಬರ್ ಉಂಟು, ಮಿಸ್ಡ್ ಕಾಲ್ ಕೊಡುತ್ತಾರೆ. ಆಮೇಲೆ ಪೆಟ್ಟಿಗೆ ಹೇಳಿದ್ದನ್ನು ನಂಬದೆ ಜಗಲಿಗೆ ಬಂದು ಜೆಟ್ಟಿನ ಶಬ್ದ ಬರುತ್ತದಾ ಅಂತ ಕಿವಿ ಕೊಡುತ್ತಾರೆ.

ಸೈಕಲ್ ವಾರಕ್ಕೆ ನಾಲ್ಕು ದಿನ ಮಾತ್ರ. ಹೋಗುವಾಗ ಮೂವತ್ತೆಂಟು ನಿಮಿಷ, ಬರುವಾಗ ಚಡವು ಜಾಸ್ತಿ, ಐವತ್ತು. ಒಂದು ಚಡವಿನಲ್ಲಿ ಇವತ್ತಿಗೂ ಇಳಿದು ನೂಕುತ್ತೇನೆ. ಸಕ್ಕರೆ ಪರೀಕ್ಷೆ ಮೇ ತಿಂಗಳಲ್ಲಿ.

ಗುಡ್ಡೆ ಸವಾರ · ಏಪ್ರಿಲ್ 6, ರಾತ್ರಿ 9.40

34 ಹಲ್ಲಿನಲ್ಲೂ ನೂಕುತ್ತೀರಾ? ಸೀಟು ತಗ್ಗಿರಬೇಕು. ಪೆಡಲ್ ಪೂರ್ತಿ ಕೆಳಗೆ ಇದ್ದಾಗ ಹಿಮ್ಮಡಿ ಇಟ್ಟು ನೋಡಿ, ಕಾಲು ನೇರ ಆಗಬೇಕು.

ಕಂಗಿನಬುಡ · ಏಪ್ರಿಲ್ 7, ಬೆಳಿಗ್ಗೆ 8.02 (ಗಾಡಿಯಿಂದ)

ಎರಡು ಇಂಚು ತಗ್ಗಿತ್ತು. ಏರಿಸಿದೆ. ಅರ್ಧ ಚಡವಿನವರೆಗೆ ಹೋಯಿತು.

ಸಿಮ್ ಎರಡು · ಏಪ್ರಿಲ್ 7, ಬೆಳಿಗ್ಗೆ 8.30

ತೋಟದ ಹೊಂಡ ಅವರೇ, ಆ ಸೊಲೆನಾಯ್ಡ್ ವಾಲ್ ಇನ್ನೂ ಅಟ್ಟದಲ್ಲಿ ಉಂಟಾ?